ಮೊದಲ ಗೇಣು

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ
ಗುಳೇದಗುಡ್ಡದ ನಮ್ಮ ಕಲ್ಲಿನ ಚರ್ಚಿನಲ್ಲಿ
ಕರೆಂಟು ಹೋಯಿತು.
ಗಂಟೆ ಹೊಡೆಯುವ ಸತ್ಯಮಿತ್ರ ಕತ್ತಲಲ್ಲಿ ತಡಕಾಡಿ
ಒಂದು ನಿಮಿಷ ತಡವಾಗಿಯೇ ಹಗ್ಗ ಎಳೆದ.
ಹೊಸ ವರ್ಷ ಹೊರಗೆ ಚಳಿಯಲ್ಲಿ ನಿಂತು ಕಾಯಿತು.

ಆಮೇಲೆ ಬಂತು ಸ್ಟೀಲಿನ ತಟ್ಟೆ,
ವಾಗ್ದಾನದ ಚೀಟಿಗಳನ್ನು ಹೊತ್ತು.
ಮೇಲೆ ಮೇಣದ ಬತ್ತಿ ಹಿಡಿದವರ ಕೈ ನಡುಗುತ್ತಿತ್ತು.
ಗಂಡಸರ ಸಾಲು, ಹೆಂಗಸರ ಸಾಲು, ಚಾಪೆಯ ಮೇಲಿನ ಮಕ್ಕಳು
ಕಣ್ಣು ಮುಚ್ಚಿ ಒಂದೊಂದು ಎತ್ತಿಕೊಂಡರು.
ಕೊನೆಗೆ ನನ್ನ ಮುಂದೆ ನಿಂತಾಗ
ಅದರಲ್ಲಿ ಇದ್ದದ್ದು ನನ್ನ ಮುಖ,
ಅದೂ ಸೊಟ್ಟ.

"ಎಣಿಸೇ ಇಟ್ಟಿದ್ವಲ್ಲ," ಅಂದರು ಸಭಾಪಾಲಕರು,
"ಬರೋ ರವಿವಾರ ತರಸೂಣು ತಗೀರಿ."

ನಗುತ್ತಲೇ ಹೊರಬಂದೆ, ಕೈಯಲ್ಲಿ ಕೇಕಿನ ತುಂಡು.
ದಾರಿಯಲ್ಲಿ ನಾನೂ ಎಣಿಸಿದೆ:
ಹೋದ ವರ್ಷ ಬಂದದ್ದು ತುಂಬಿದ ಬಟ್ಟಲಿನ ಮಾತು.
ಆ ವರ್ಷವೇ ನನ್ನ ಖಣದ ಬೆಲೆ ಅರ್ಧಕ್ಕಿಳಿಯಿತು,
ತಮ್ಮ ಎಲೀಷನ ಕಿಡ್ನಿಗೆಂದು
ಬಾಗಲಕೋಟೆಗೆ ವಾರಕ್ಕೆರಡು ಸಲ ಬಸ್ಸು.
ಅದರ ಹಿಂದಿನ ವರ್ಷ ರೆಕ್ಕೆಗಳ ಮಾತು.
ಕಾಲು ಉಳುಕಿ ಎರಡು ತಿಂಗಳು ಕೂತೆ.
ದೇವರನ್ನು ಅಣಕಿಸುತ್ತಿಲ್ಲ ನಾನು.
ಬಟ್ಟಲು ತುಂಬಿತ್ತು, ನಿಜ.
ಏನು ತುಂಬಿತ್ತೆಂದು ಚೀಟಿಯಲ್ಲಿ ಬರೆದಿರಲಿಲ್ಲ, ಅಷ್ಟೆ.

ಬೆಳಗಾಯಿತು. ಒಂದನೇ ತಾರೀಖು.
ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೆ.
ಹಳೆಯ ಹಾಸು ನಿನ್ನೆ ಮುಗಿದಿತ್ತು,
ಹೊಸದನ್ನು ಕೂಡಿಸಬೇಕು.
ಕೂಡಿಸುವುದೆಂದರೆ
ಹಳೆಯದನ್ನು ಕಿತ್ತು ಬಿಸಾಡಿದರೆ ಆಗದು.
ಹಣಿಗೆಯಲ್ಲಿ ಉಳಿದ ಗೇಣುದ್ದ ಎಳೆಗೆ
ಹೊಸ ಎಳೆಯ ತುದಿ ಹಚ್ಚಿ
ಬೆರಳಿಗೆ ಒಲೆಯ ಬೂದಿ ಮುಟ್ಟಿಸಿ
ಹೊಸೆಯಬೇಕು, ಒಂದೊಂದೇ,
ಎರಡು ಸಾವಿರ ಸಲ.
ಅವ್ವ ಕಲಿಸಿದ್ದು. ಅವ್ವನಿಗೆ ಅವಳ ಅತ್ತೆ.
"ಬೂದಿ ಇಲ್ಲದ ಗಂಟು ಜಾರತೈತಿ" ಅನ್ನುತ್ತಿದ್ದಳು.
ಅದು ಮಗ್ಗದ ಮಾತೋ ಪ್ರಾರ್ಥನೆಯ ಮಾತೋ
ಕೇಳಿಕೊಳ್ಳುವ ಬುದ್ಧಿ ನನಗಾಗ ಇರಲಿಲ್ಲ.

ಆ ಗಂಟುಗಳೆಲ್ಲ ಹಣಿಗೆ ದಾಟುವ ತನಕ
ನೇಯ್ದ ಮೊದಲ ಗೇಣನ್ನು ಯಾರೂ ಕೊಳ್ಳರು.
ಸಾಹುಕಾರ ಬೆರಳಾಡಿಸಿ ಪಕ್ಕಕ್ಕೆ ಒಗೆಯುತ್ತಾನೆ.
ನನ್ನ ಮನೆಯಲ್ಲಿ ಅದು ಕೌದಿಯ ಅಂಚಾಗಿದೆ,
ಬಿಸಿ ಬೋಗುಣಿ ಹಿಡಿಯುವ ಬಟ್ಟೆಯಾಗಿದೆ,
ಒಂದು ಕ್ರಿಸ್ಮಸ್ಸಿಗೆ ಗೋದಲಿಯ ಕೂಸಿಗೆ
ಹಾಸಿಗೆಯೂ ಆಗಿತ್ತು.

ಆರು ನೂರು ಎಳೆ ಆಗಿರಬಹುದು,
ಬಾಗಿಲಲ್ಲಿ ಕೋಲಿನ ಸದ್ದು. ಸಮಾಧಾನವ್ವ.
ಕಣ್ಣಿನ ಪರೆ ತೆಗೆಸಲು ಹೆದರುವ ಮುದುಕಿ.
"ಏ ಸುಗುಣಾ, ನನ್ನ ಚೀಟಿ ಓದಿ ಹೇಳವಾ.
ಮೊಮ್ಮಗ ಭಾಳ ಅವಸರದಾಗ ಓದತಾನ,
ದೇವರು ಬಸ್ಸು ಹಿಡಿಯಾಕ ಹೊಂಟಂಗ."

ಬೂದಿಗೈ ಸೆರಗಿಗೆ ಒರೆಸಿ ಇಸಿದುಕೊಂಡೆ.
ದಾಹಪಟ್ಟವರ ಬಗ್ಗೆ ಒಂದು ಸಾಲು, ನೀರಿನ ಬಗ್ಗೆ ಒಂದು.
ನಿಧಾನ ಓದಿದೆ. ಇನ್ನೊಮ್ಮೆ ಅಂದಳು, ಓದಿದೆ.
ಮೂರನೆಯ ಸಲಕ್ಕೆ ನನ್ನ ಹೆಬ್ಬೆರಳಿಗೆ ತಿಳಿಯಿತು,
ಚೀಟಿ ದಪ್ಪ.
ಬೆನ್ನಿಗೆ ಮೇಣ ಹನಿದು
ಇನ್ನೊಂದು ಅಂಟಿಕೊಂಡಿದೆ.

ಬಿಡಿಸಲು ಒಂದು ಉಗುರು ಸಾಕಿತ್ತು.

ಅವಳು ಕೈ ಚಾಚಿ ನಿಂತಿದ್ದಳು,
ತುಟಿಯಲ್ಲೇ ನೀರಿನ ಸಾಲು ಹೊರಳಿಸುತ್ತ.
ಹಾಗೆಯೇ ಅಂಗೈಗೆ ಇಟ್ಟೆ.
ಕುಪ್ಪಸದೊಳಗೆ ತುರುಕಿಕೊಂಡಳು,
ನಾನೇ ಎಂದೋ ನೇಯ್ದ ಖಣ ಅದು,
ಈಗ ಅದರೊಳಗೆ ಅವಳದರ ಬೆನ್ನಿಗೆ ನನ್ನದು.

"ಚಲೋ ಐತಲ್ಲ?"
"ಭಾಳ ಚಲೋ ಐತಿ. ದಪ್ಪನೂ ಐತಿ."
"ಮತ್ತ ನಿನಗೇನ ಬಂತ?"

ಎಳೆ ಹುಡುಕಿದೆ, ತುದಿ ಸಿಕ್ಕಿತು.
"ಇನ್ನೂ ಓದಿಲ್ಲ ಆಯಿ," ಅಂದೆ.
ಸುಳ್ಳೇನಲ್ಲ.

ಆರು ನೂರ ಒಂದು.
ಬೂದಿ.
ಹೊಸೆ.